ಹುಬ್ಬಳ್ಳಿಯ ಬ್ಯಾಂಡ್ ಮತ್ತು ಫ್ಯಾಷನ್ ಸಂಜೆ: ಆಯೋಜಕರಿಗೆ ಒಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಕಾರ್ಯಕ್ರಮ ಆಯೋಜನಾ ಸಂಸ್ಥೆ,
ಬೆಂಗಳೂರು.

ವಿಷಯ: ಒಪ್ಪಿದ ಹೊತ್ತು, ದೀಪ, ಜಾಗ ಕೊಡದೆ ಇದ್ದದ್ದು, ಸೀರೆ ಹರಿದದ್ದು ಮತ್ತು ನೇಕಾರರನ್ನು ಗೇಟಿನಲ್ಲಿ ನಿಲ್ಲಿಸಿದ್ದರ ಬಗ್ಗೆ ದೂರು.

ಮಾನ್ಯರೇ,

ನಾನು ಧಾರವಾಡದವಳು. ಹದಿಮೂರು ವರ್ಷದಿಂದ ಇಳಕಲ್, ಗುಳೇದಗುಡ್ಡದ ಖಣ, ಕಸೂತಿ ಇವನ್ನೇ ಇಟ್ಟುಕೊಂಡು ಹೊಸ ಉಡುಪು ಹೊಲಿಯುತ್ತಿದ್ದೇನೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನೀವು ನಡೆಸಿದ ಸಂಜೆಗೆ ದುಡ್ಡು ಕಟ್ಟಿ ಭಾಗವಹಿಸಿದ ಆರು ಡಿಸೈನರ್‌ಗಳಲ್ಲಿ ನಾನೂ ಒಬ್ಬಳು. ಆಮೇಲೆ ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಕಳಿಸಿದೆ. "ನೋಡಿ ಹೇಳ್ತೀವಿ ಮೇಡಂ" ಅನ್ನುವ ಮಾತು ಬಿಟ್ಟರೆ ಏನೂ ಬರಲಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ರಸೀದಿ, ನಿಮ್ಮ ಮೇಲ್‌ಗಳ ಪ್ರತಿ ಮತ್ತು ಸೀರೆಯ ಫೋಟೋಗಳು ಜೊತೆಗಿವೆ.

ಮೊದಲು ಒಪ್ಪಂದದ ಮಾತು. ನಾನು ಕಟ್ಟಿದ್ದು 35,000 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 6,300. ಒಟ್ಟು 41,300. ಇದಕ್ಕೆ ನೀವು ಬರೆದು ಕೊಟ್ಟಿದ್ದು ಹೀಗಿದೆ: ಸಂಜೆ 7.40ಕ್ಕೆ ನನ್ನ ಸರದಿ, 12 ನಿಮಿಷ, ಹತ್ತು ಉಡುಪು, ಹಿಂದೆ ಲೈವ್ ಬ್ಯಾಂಡ್. ನಡೆಯುವ ದಾರಿ ಆರು ಅಡಿ ಅಗಲ. ಮಧ್ಯಾಹ್ನ ಬ್ಯಾಂಡಿನ ಜೊತೆ ಒಂದು ರಿಹರ್ಸಲ್. ಪರದೆಯ ಮೇಲೆ ನನ್ನ ಹೆಸರು, ನೇಕಾರರ ಊರಿನ ಹೆಸರು. ನೇಕಾರರಿಗೆ ಎರಡು ಪಾಸ್, ಕೊನೆಗೆ ಅವರನ್ನು ವೇದಿಕೆಗೆ ಕರೆಯುವುದು. ಹತ್ತು ದಿನದೊಳಗೆ ವಿಡಿಯೋ.

ಇಷ್ಟರಲ್ಲಿ ಒಂದಾದರೂ ಪೂರ್ತಿ ನಡೆದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನಿಮ್ಮ ಯೋಚನೆ ನನಗೆ ನಿಜಕ್ಕೂ ಹಿಡಿಸಿತ್ತು. ಹೋಳಿಗೆ ಜಗ್ಗಲಗಿ ಬಾರಿಸುವ ಊರು ನಮ್ಮದು. ಬಾರಿಸುವವರ ಬಟ್ಟೆ, ಪೇಟ, ಬಣ್ಣ ಎಲ್ಲ ಸೇರಿಯೇ ಅದು ಹಬ್ಬವಾಗುತ್ತದೆ. ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬಂದರೆ ಹಾಡು ಶುರುವಾಗುವ ಮೊದಲೇ ಅರ್ಧ ಮಾತು ಆ ಉಡುಪೇ ಹೇಳಿರುತ್ತದೆ. ಬ್ಯಾಂಡ್ ಮತ್ತು ಬಟ್ಟೆ ಒಂದೇ ವೇದಿಕೆಯಲ್ಲಿ, ಇಬ್ಬರಿಗೂ ಸಮ ಜಾಗ ಅಂತ ನೀವು ಪೋಸ್ಟರಿನಲ್ಲಿ ಹಾಕಿದಾಗ, ನಮ್ಮ ಊರಿಗೆ ಹೇಳಿ ಮಾಡಿಸಿದ ಕಾರ್ಯಕ್ರಮ ಇದು ಅಂದುಕೊಂಡೆ. ಮೂರು ತಿಂಗಳು ಬೇರೆ ಕೆಲಸ ಹಿಡಿಯಲಿಲ್ಲ.

ಹತ್ತು ಉಡುಪು ಅಂದರೆ ಎಷ್ಟು ಕೆಲಸ ಅನ್ನುವುದು ನಿಮಗೆ ಗೊತ್ತಾಗಲಿ ಅಂತ ಎರಡು ಮಾತು. ಖಣ ನೇಯುವುದು ಕುಬಸಕ್ಕೆ. ಅದರ ಅಗಲ ಕಡಿಮೆ, ಎರಡೂ ಕಡೆ ದಡಿ ಇರುತ್ತದೆ. ಅದರಲ್ಲಿ ಉದ್ದ ಕೋಟು ಹೊಲಿಯಬೇಕಾದರೆ ಪಟ್ಟಿ ಪಟ್ಟಿ ಜೋಡಿಸಬೇಕು. ಪ್ರತಿ ಜೋಡಣೆಯಲ್ಲೂ ತೇರಿನ ಚಿತ್ರ ಒಂದೇ ಸಾಲಿಗೆ ಬರಬೇಕು, ಇಲ್ಲದಿದ್ದರೆ ದೂರದಿಂದಲೂ ಸೊಟ್ಟ ಕಾಣುತ್ತದೆ. ಇನ್ನೊಂದು ಜಾಕೆಟ್ಟಿಗೆ ಇಬ್ಬರು ಹೆಣ್ಣುಮಕ್ಕಳು 45 ದಿನ ಕಸೂತಿ ಹಾಕಿದರು. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು, ಹಿಂದೆ ಮುಂದೆ ಒಂದೇ ಥರ ಬರಬೇಕು. ಒಂದು ಎಳೆ ತಪ್ಪಿದರೆ ಕಸೂತಿಯ ಇಡೀ ಗೋಪುರದ ಚಿತ್ರ ವಾಲುತ್ತದೆ. ಆ ಜಾಕೆಟ್ ನಿಮ್ಮ ವೇದಿಕೆಗೆ ಬರಲೇ ಇಲ್ಲ. ಹ್ಯಾಂಗರಿನಲ್ಲೇ ಉಳಿಯಿತು.

ಯಾಕೆ ಉಳಿಯಿತು ಅಂದರೆ ಹೊತ್ತು. ಕಾರ್ಯಕ್ರಮ ಶುರುವಾಗಿದ್ದೇ ಒಂದು ತಾಸು ತಡ. ನಾಲ್ಕು ಬ್ಯಾಂಡುಗಳೂ ತಮ್ಮ ತಮ್ಮ ಡ್ರಮ್ ಸೆಟ್ ತಂದಿದ್ದವು. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತುವುದಕ್ಕೆ ನಿಮ್ಮ ಪಟ್ಟಿಯಲ್ಲಿ 15 ನಿಮಿಷ ಇತ್ತು, ಹಿಡಿದಿದ್ದು 40. ಜನ ಕೂತ ಮೇಲೆ, ಅವರ ಎದುರಿಗೇ ಸೌಂಡ್ ಚೆಕ್ ನಡೆಯಿತು. ಎಲ್ಲರಿಗೂ ಒಂದೇ ಡ್ರಮ್ ಸೆಟ್ ಇಟ್ಟು, ಮಧ್ಯಾಹ್ನವೇ ಸೌಂಡ್ ಚೆಕ್ ಮುಗಿಸಿ, ಸಂಜೆ ಬರೀ ಲೈನ್ ಚೆಕ್ (ಪ್ರತಿ ಮೈಕು, ವಾದ್ಯದ ಶಬ್ದ ಬರುತ್ತಿದೆಯಾ ಅಂತ ನೋಡುವುದು) ಮಾಡಿದ್ದರೆ ಸಾಕಿತ್ತು ಅಂತ ನನ್ನ ಜೊತೆಗಿದ್ದ ಬ್ಯಾಂಡಿನವರೇ ಹೇಳಿದರು. ಮಧ್ಯಾಹ್ನ ಸೌಂಡ್ ಸಿಸ್ಟಮ್ಮೇ ಬಂದಿರಲಿಲ್ಲ. ಹಾಗಾಗಿ ನಮ್ಮ ರಿಹರ್ಸಲ್ಲೂ ಆಗಲಿಲ್ಲ.

7.40ರ ನನ್ನ ಸರದಿ ಬಂದಿದ್ದು 9.55ಕ್ಕೆ. ತೆರೆದ ಮೈದಾನದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು, ಹೊಸದೇನಲ್ಲ. ಹತ್ತಕ್ಕೆ ಪೊಲೀಸರು ಬಂದರು, ಸೌಂಡ್ ಬಂದ್ ಆಯಿತು. ಪೊಲೀಸರದು ಏನೂ ತಪ್ಪಿಲ್ಲ. ಮೈದಾನದ ಪಕ್ಕದಲ್ಲೇ ಮನೆಗಳಿವೆ, ಅಲ್ಲಿ ಮಕ್ಕಳು, ವಯಸ್ಸಾದವರು ಮಲಗಬೇಕು. ಆದರೆ ಹತ್ತಕ್ಕೆ ನಿಲ್ಲಿಸಬೇಕು ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತಲ್ಲವೇ? ತಡ ಆಗುತ್ತಿದೆ ಅಂತ ಏಳು ಗಂಟೆಗೇ ಕಾಣುತ್ತಿತ್ತು. ಆಗ ಎಲ್ಲರ ಹೊತ್ತನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬಹುದಿತ್ತು. ಯಾವ ಬ್ಯಾಂಡಿನ ಒಂದು ಹಾಡೂ ಕಡಿಮೆಯಾಗಲಿಲ್ಲ. ಕತ್ತರಿ ಬಿದ್ದಿದ್ದೆಲ್ಲ ಬಟ್ಟೆಯವರ ಪಾಲಿಗೆ. ನನಗೆ ಹತ್ತರಲ್ಲಿ ನಾಲ್ಕು ಉಡುಪು ತೋರಿಸಲು ಸಿಕ್ಕಿತು. ನನ್ನ ನಂತರ ಇದ್ದ ಇಬ್ಬರು ಡಿಸೈನರ್‌ಗಳಿಗೆ ಅದೂ ಇಲ್ಲ. ಅವರಲ್ಲಿ ಒಬ್ಬಳು ಇನ್ನೂ ಕಾಲೇಜು ಮುಗಿಸಿ ಒಂದು ವರ್ಷವಾದ ಹುಡುಗಿ. ಗ್ರೀನ್ ರೂಮಿನಲ್ಲಿ ಮಾಡೆಲ್‌ಗಳ ಬಟ್ಟೆ ಬಿಚ್ಚಿಸುತ್ತಾ ಅಳುತ್ತಿದ್ದಳು. ನಿಮ್ಮ ಕಡೆಯಿಂದ ಒಬ್ಬರೂ ಅಲ್ಲಿಗೆ ಬಂದು ಮಾತಾಡಿಸಲಿಲ್ಲ.

ನನ್ನ ದೂರಿನ ಮುಖ್ಯ ಮಾತು ಇದೇ. ಸಮ ಜಾಗ ಅಂತ ಕರೆದಿರಿ, ಆದರೆ ಒಂದು ಬ್ಯಾಂಡಿನಿಂದ ಇನ್ನೊಂದು ಬ್ಯಾಂಡಿಗೆ ಹೋಗುವ ಸಂದಿ ತುಂಬಲು ನಮ್ಮನ್ನು ಬಳಸಿದಿರಿ. ಅದೂ ನಮ್ಮ ದುಡ್ಡಿನಲ್ಲಿ.

ಬ್ಯಾಂಡಿನ ಹುಡುಗರ ಮೇಲೆ ನನಗೆ ಕಿಂಚಿತ್ತೂ ಬೇಸರವಿಲ್ಲ. ನಡಿಗೆಗೆ ನಿಮಿಷಕ್ಕೆ 100ರಿಂದ 110 ತಾಳ ಸಾಕು, ಅದಕ್ಕಿಂತ ಜೋರಾದರೆ ಸೀರೆ ಉಟ್ಟ ಹುಡುಗಿ ಓಡಬೇಕಾಗುತ್ತದೆ ಅಂತ ಹೇಳಿದ್ದೆ. ಅವರು ಎರಡು ಸಲ ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಸರಿಯಿದೆಯಾ ಅಕ್ಕಾ ಅಂತ ಕೇಳಿದ್ದರು. ಸೌಂಡ್ ನಿಂತಾಗ ನಾಲ್ಕನೇ ಹುಡುಗಿ ಇನ್ನೂ ದಾರಿಯ ನಡುವೆ ಇದ್ದಳು. ಡ್ರಮ್ಮರ್ ಎರಡು ಕೋಲನ್ನು ಒಂದಕ್ಕೊಂದು ಬಡಿಯುತ್ತಾ ಅವಳು ಒಳಗೆ ಬರುವವರೆಗೆ ತಾಳ ಕೊಟ್ಟರು. ಆ ಹುಡುಗನಿಗೆ ನಾನು ಋಣಿ.

ಆ ನಾಲ್ಕನೇ ಹುಡುಗಿ ಉಟ್ಟಿದ್ದೇ ಇಳಕಲ್ ಸೀರೆ.

ಆರು ಅಡಿ ದಾರಿ ಅಂತ ಬರೆದು ಕೊಟ್ಟಿದ್ದಿರಿ. ಅದರ ಎರಡೂ ಕಡೆ ಬ್ಯಾಂಡಿನ ಮಾನಿಟರ್ ಸ್ಪೀಕರ್ ಇಟ್ಟ ಮೇಲೆ ಉಳಿದಿದ್ದು ಮೂರು ಅಡಿ. ಕೇಬಲ್‌ಗಳನ್ನು ಕಪ್ಪು ಟೇಪಿನಿಂದ ನೆಲಕ್ಕೆ ಅಂಟಿಸಿದ್ದರು, ಜನ ಓಡಾಡಿ ಅದು ಅಲ್ಲಲ್ಲಿ ಎದ್ದಿತ್ತು. ನಾನು ಅದನ್ನು ತೋರಿಸಿ, ಇನ್ನೊಂದು ಪದರ ಟೇಪು ಹಾಕಿ ಅಂತ ನಿಮ್ಮ ಸ್ಟೇಜ್ ಮ್ಯಾನೇಜರಿಗೆ ಹೇಳಿದೆ. ಟೈಮಿಲ್ಲ ಮೇಡಂ ಅಂದರು. ಹುಡುಗಿ ತಿರುಗುವಾಗ ಸೆರಗು ಆ ಟೇಪಿಗೆ ಅಂಟಿ, ಸ್ಪೀಕರಿನ ಮೂಲೆಗೆ ಸಿಕ್ಕಿಕೊಂಡಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಅಷ್ಟೇ. ಸೆರಗು ಸೀರೆಯ ಮೈಗೆ ಸೇರುವ ಕಡೆ ಒಂದು ಗೇಣು ಹರಿಯಿತು.

ಅಲ್ಲೇ ಹರಿದದ್ದು ಯಾಕೆ ದೊಡ್ಡ ನಷ್ಟ ಅಂತ ಹೇಳಬೇಕು. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹಾಸಿದ ಎಳೆಗಳು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ತೋಪು ತೆನಿ ಅನ್ನುವುದು ಅದನ್ನೇ. ಇಳಕಲ್ಲನ್ನು ಬೇರೆ ಸೀರೆಗಳಿಂದ ಬೇರೆ ಮಾಡುವ ಕೆಲಸವೇ ಅದು. ನೇಯ್ದ ನೇಕಾರರಿಗೆ ಫೋಟೋ ಕಳಿಸಿದೆ. "ಹೊಲಿಬಹುದ್ರಿ ಅಕ್ಕಾರ, ಆದ್ರ ಮತ್ತ ಕೂಡಸಾಕ ಬರಂಗಿಲ್ಲ" ಅಂದರು. ಟೇಪಿನ ಅಂಟು ಸೆರಗಿನ ರೇಷ್ಮೆಯ ಮೇಲೆ ಕಪ್ಪಗೆ ಕೂತಿದೆ. ಬೆರಳಿಟ್ಟರೆ ಇವತ್ತಿಗೂ ಅಂಟುತ್ತದೆ. ಸೀರೆಯ ಬೆಲೆ 9,500 ರೂಪಾಯಿ, ಬಿಲ್ ಇಟ್ಟಿದ್ದೇನೆ.

ದೀಪದ ವಿಷಯವೂ ಇದೆ. ಬೆಚ್ಚನೆಯ ಬಿಳಿ ಬೆಳಕು ಬೇಕು, ಬಣ್ಣದ ದೀಪ ಬೇಡ ಅಂತ ಮೂರು ವಾರ ಮುಂಚೆ ಮೇಲ್ ಮಾಡಿದ್ದೆ. ಆಗಲಿ ಅಂತ ಉತ್ತರವೂ ಬಂದಿತ್ತು. ಅಂದು ಹಾಕಿದ್ದು ಪೂರ್ತಿ ಕೆಂಪು ದೀಪ. ಇಳಕಲ್ ಸೆರಗು ಕೆಂಪು, ಅದರ ಮೇಲಿನ ಚಿತ್ರ ಬಿಳಿ. ಕೆಂಪು ಬೆಳಕಿನಲ್ಲಿ ಬಿಳಿಯೂ ಕೆಂಪಾಗಿಯೇ ಕಾಣುತ್ತದೆ. ಸೆರಗಿನ ಚಿತ್ರದ ಹಣಿಗೆಯ ಹಲ್ಲು, ಬೆಟ್ಟದ ಸಾಲಿನಂಥ ರಂಪ ಎಲ್ಲ ಅಳಿಸಿಹೋದವು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ನನಗೇ ನನ್ನ ಸೀರೆ ಗುರುತು ಸಿಗಲಿಲ್ಲ. ಹಾಡಿಗೆ ಕೆಂಪು ದೀಪ ಚೆನ್ನಾಗಿರಬಹುದು. ಬಟ್ಟೆ ತೋರಿಸುವ ಐದು ನಿಮಿಷಕ್ಕಾದರೂ ಒಂದು ಸ್ವಿಚ್ ಬದಲಾಯಿಸುವುದು ಕಷ್ಟವಿತ್ತೇ? ಹಿಂದಿನ ಪರದೆಯ ಮೇಲೆ 'ಬನಾರಸಿ ಕಲೆಕ್ಷನ್' ಅಂತ ಬಂತು. ಇಳಕಲ್ಲಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಇದೆ. ಹುಬ್ಬಳ್ಳಿಯ ಜನರ ಮುಂದೆ ಇಳಕಲ್ ಸೀರೆಗೆ ಬೇರೆ ಊರಿನ ಹೆಸರು ಹಾಕುವುದು ಸಣ್ಣ ತಪ್ಪಲ್ಲ.

ನನಗೆ ಜಾಸ್ತಿ ನೋವಾಗಿದ್ದು ಗೇಟಿನಲ್ಲಿ ನಡೆದದ್ದು. ತೇರಿನ ಖಣ ನೇಯ್ದ ಗಂಡ ಹೆಂಡತಿ ಗುಳೇದಗುಡ್ಡದಿಂದ ಬಸ್ಸಿನಲ್ಲಿ ಬಂದಿದ್ದರು. ಗಂಡ ಕುಣಿ ಮಗ್ಗದಲ್ಲಿ, ಅಂದರೆ ನೆಲದ ಕುಣಿಯಲ್ಲಿ ಹೂಡಿದ ಮಗ್ಗದಲ್ಲಿ ಕೂತು ನೇಯುತ್ತಾರೆ, ಹೆಂಡತಿ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾರೆ. ತಾವು ನೇಯ್ದ ಖಣವನ್ನು ವೇದಿಕೆಯ ಮೇಲೆ ನೋಡುವುದು ಅವರಿಗೆ ಇದೇ ಮೊದಲು. ಆಕೆ ಹೊಸ ಪತ್ತಲ ಉಟ್ಟಿದ್ದರು, ಚೀಲದಲ್ಲಿ ನಮಗೆಲ್ಲ ಅಂತ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಅವರ ಹೆಸರಿಲ್ಲ ಅಂತ ಗೇಟಿನಲ್ಲಿ ನಿಲ್ಲಿಸಿದರು. ಆರು ಗಂಟೆಯಿಂದ ಏಳೂವರೆವರೆಗೆ ನಿಂತೇ ಇದ್ದರು. ಕೆಲಸದ ನಡುವೆ ತೊಂದರೆ ಕೊಡಬಾರದು ಅಂತ ನನಗೆ ಫೋನೂ ಮಾಡಲಿಲ್ಲ. ಯಾರೋ ಹೇಳಿ, ನಾನು ಓಡಿಹೋಗಿ ನನ್ನ ಬ್ಯಾಡ್ಜ್ ತೋರಿಸಿ ಕರೆದುಕೊಂಡು ಬಂದೆ. ಅವರ ಹೆಸರನ್ನು ನಾನು ಎರಡು ಸಲ ಬರೆದು ಕಳಿಸಿದ್ದೆ, ನಿಮ್ಮ ಮೇಲ್‌ನಲ್ಲಿ ನೋಡಿಕೊಳ್ಳಿ.

ಒಂಬತ್ತೂವರೆ ಬಸ್ಸು ತಪ್ಪಿದರೆ ಅವರಿಗೆ ರಾತ್ರಿ ಉಳಿಯಲು ಜಾಗವಿರಲಿಲ್ಲ. ನಮ್ಮ ಮನೆಗೆ ಬನ್ನಿ ಅಂದೆ. ಬೆಳಿಗ್ಗೆ ಮಗ್ಗಕ್ಕೆ ಕೂರಬೇಕು ಅಂತ ಒಪ್ಪಲಿಲ್ಲ. ಒಂಬತ್ತು ಗಂಟೆಗೆ ಎದ್ದರು. ಆಗಿನ್ನೂ ಮೂರನೇ ಬ್ಯಾಂಡ್ ಇಳಿಯುತ್ತಿತ್ತು. "ಇರ್ಲಿ ಬಿಡ್ರಿ ಅಕ್ಕಾರ, ವಿಡಿಯೋದಾಗ ನೋಡ್ತೇವಿ" ಅಂದು ಹೋದರು.

ಆ ವಿಡಿಯೋ ಇನ್ನೂ ಬಂದಿಲ್ಲ. ನೀವು ಹೊರಗೆ ಬಿಟ್ಟಿರುವ ಒಂದು ನಿಮಿಷದ ತುಣುಕಿನಲ್ಲಿ ಬ್ಯಾಂಡುಗಳೇ ತುಂಬಿವೆ. ಆರು ಡಿಸೈನರ್‌ಗಳ ಕೆಲಸ ಎಲ್ಲ ಸೇರಿ ನಾಲ್ಕೈದು ಸೆಕೆಂಡ್.

ನಾನು ಕೇಳುವುದು ಇಷ್ಟು. ಕಟ್ಟಿದ 41,300 ರೂಪಾಯಿ ಪೂರ್ತಿ ವಾಪಸ್ ಮಾಡಿ. ಸೀರೆಯ 9,500 ರೂಪಾಯಿ ಕೊಡಿ. ಕೊಡುವ ಮೊದಲು ನೋಡಬೇಕು ಅಂದರೆ ನಿಮ್ಮವರನ್ನು ಧಾರವಾಡಕ್ಕೆ ಕಳಿಸಿ, ಸೀರೆ ಒಗೆಯದೆ ಹಾಗೇ ಇಟ್ಟಿದ್ದೇನೆ. ಸರದಿಯೇ ಸಿಗದ ಆ ಇಬ್ಬರು ಡಿಸೈನರ್‌ಗಳ ದುಡ್ಡನ್ನು ಅವರು ಕೇಳುವವರೆಗೆ ಕಾಯದೆ ವಾಪಸ್ ಮಾಡಿ. 'ಬನಾರಸಿ' ಅಂತ ಹಾಕಿದ ಕಡೆಯೆಲ್ಲ ಇಳಕಲ್ ಮತ್ತು ಗುಳೇದಗುಡ್ಡ ಅಂತ ತಿದ್ದಿ. ನೇಕಾರ ದಂಪತಿಗೆ ಕನ್ನಡದಲ್ಲಿ, ಸಹಿ ಹಾಕಿದ ಒಂದು ಕ್ಷಮೆಯ ಪತ್ರ ಕಳಿಸಿ. ವಿಳಾಸ ನಾನು ಕೊಡುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರು ಕೊಡುವವರು ಇರುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶ ಕೊಟ್ಟಿದೆ.

ಹಣದ ಲೆಕ್ಕ ಮುಗಿಯಲು ಹೊತ್ತು ಹಿಡಿದರೆ ಹಿಡಿಯಲಿ. ನನ್ನ ಐದು ನಿಮಿಷದ ವಿಡಿಯೋ ಮಾತ್ರ ಈ ವಾರವೇ ಕಳಿಸಿ. ಎಡಿಟ್ ಮಾಡುವುದು ಬೇಡ, ಕ್ಯಾಮೆರಾದಲ್ಲಿ ಇದ್ದ ಹಾಗೇ ಕೊಡಿ. ತೇರಿನ ಖಣದ ಕೋಟು ಮೊದಲನೆಯದಾಗಿ ಬಂದಿತ್ತು, ಅದು ಅದರಲ್ಲಿ ಇದ್ದೇ ಇರುತ್ತದೆ. ಗುಳೇದಗುಡ್ಡದಿಂದ ಮೊನ್ನೆಯೂ ಫೋನ್ ಮಾಡಿ ಬಂತೇನ್ರಿ ಅಂತ ಕೇಳಿದರು.

ಇಂತಿ,
ನಿಮ್ಮ ಕಾರ್ಯಕ್ರಮದಲ್ಲಿ ಭಾಗವಹಿಸಿದ ವಸ್ತ್ರ ವಿನ್ಯಾಸಕಿ,
ಧಾರವಾಡ