ಬೋರ್ಡಿನಲ್ಲಿ ಗಂಜಿ ಎಂದೇ ಬರೆಸು

ಲಿಸ್ಬನ್, ಮೇ 10

ಪ್ರೀತಿಯ ಅಣ್ಣ,

ಮಲ್ಪೆಯ ಹೋಟೆಲಿಗೆ ಬಾಡಿಗೆ ಕರಾರು ಆಯ್ತು ಅಂತ ಅಮ್ಮ ಹೇಳಿದರು. ತುಂಬಾ ಖುಷಿಯಾಯ್ತು. ಆದರೆ ಬೋರ್ಡಿನಲ್ಲಿ ‘ಗಂಜಿ ಊಟ’ ಅಂತ ಹಾಕಿದರೆ ಮರ್ಯಾದೆ ಇರುವುದಿಲ್ಲ ಅಂತ ಭಾವ ಹೇಳಿದರಂತೆ. ಅಣ್ಣ, ಬರೆಸು. ದೊಡ್ಡ ಅಕ್ಷರದಲ್ಲೇ ಬರೆಸು.

ಭಾವನ ಮಾತು ಎಲ್ಲಿಂದ ಬಂತು ಅಂತ ಗೊತ್ತು. ‘ಗಂಜಿಗೂ ಗತಿಯಿಲ್ಲ’ ಅಂದರೆ ಕಡುಬಡವ. ‘ಹೇಗೋ ಗಂಜಿಗೊಂದು ದಾರಿಯಾಯ್ತು’ ಅಂದರೆ ಸಣ್ಣದೊಂದು ಕೆಲಸ ಸಿಕ್ಕಿತು ಎಂದರ್ಥ. ನೆರೆ ಬಂದಾಗ ತೆರೆಯುವ ಗಂಜಿ ಕೇಂದ್ರಕ್ಕೆ ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ಹೆಸರು ಚೆನ್ನಾಗಿದೆ, ತಕರಾರಿಲ್ಲ. ಆದರೆ ಕಷ್ಟಕಾಲದಲ್ಲಿ ಮೊದಲು ನೆನಪಾಗುವುದು ಗಂಜಿ ಅಂದರೆ ಅದು ಗಂಜಿಯ ದೊಡ್ಡತನ ಅಲ್ವಾ?

ನಮ್ಮ ಮನೆಯಲ್ಲೇ ನೋಡು. ಜ್ವರ ಬಂದರೆ ಗಂಜಿ. ಆಟಿಯ ಮಳೆ ಹೊಡೆಯುವ ರಾತ್ರಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ಬಸಿದ ತೆಳಿ, ಅಂದರೆ ಅನ್ನ ಬೆಂದ ನೀರು, ಅಪ್ಪನ ಬಿಳಿ ಪಂಚೆಗೆ, ಅದಕ್ಕೂ ಗಂಜಿ ಹಾಕುವುದು ಅಂತಲೇ ಹೆಸರು. ಮನೆಗೆ ಬಂದವರಿಗೆ ಅಮ್ಮ ‘ಒಂಚೂರು ಗಂಜಿ ಉಂಡು ಹೋಗಿ’ ಅನ್ನುತ್ತಿದ್ದರು. ಬಡಿಸುವಾಗ ನೋಡಿದರೆ ನಾಲ್ಕು ಬಗೆಯ ಪದಾರ್ಥ!

ಇಲ್ಲಿಯ ಸುದ್ದಿ ಕೇಳು. ಹೋದ ತಿಂಗಳು ನನಗೆ ಜ್ವರ ಬಂದಾಗ ಪಕ್ಕದ ಮನೆಯ ಅಜ್ಜಿ ಒಂದು ಪಾತ್ರೆ ‘ಕಾಂಜಾ’ ತಂದುಕೊಟ್ಟರು. ಕೋಳಿ ಸಾರಿನಲ್ಲಿ ಬೇಯಿಸಿದ ಅನ್ನ, ತೆಳ್ಳಗೆ, ಬಿಸಿಬಿಸಿ. ಪೋರ್ಚುಗಲ್ಲಿನಲ್ಲಿ ಹುಷಾರಿಲ್ಲದವರಿಗೆ ಇದನ್ನೇ ಕೊಡುವುದು. ಆ ಹೆಸರು ಮಲಯಾಳದ ಕಂಞಿಯಿಂದ ಬಂದದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಇವರ ಹಡಗುಗಳು ನಮ್ಮ ಕರಾವಳಿಯಿಂದ ಕಾಳುಮೆಣಸು ಹೊತ್ತವು. ಜೊತೆಗೆ ಗಂಜಿಯ ಹೆಸರೂ ಹೊರಟಿತು. ಇಂಗ್ಲಿಷಿನ ‘ಕಾಂಜಿ’ಯೂ ಇದೇ ಬಳಗದ್ದು. ಚೀನೀ ಹೋಟೆಲುಗಳು ತಮ್ಮ ಗಂಜಿಯನ್ನು ಆ ಹೆಸರಿನಲ್ಲೇ ಮೆನುವಿನಲ್ಲಿ ಹಾಕುತ್ತವೆ, ಜನ ದುಡ್ಡು ಕೊಟ್ಟು ತಿನ್ನುತ್ತಾರೆ. ಊರಿನಲ್ಲಿ ನಾವು ನಾಚಿಕೊಳ್ಳುವುದು ಯಾಕೆ? ಭಾವನಿಗೆ ಇದನ್ನು ಓದಿ ಹೇಳು.

ಒಂದೇ ಮಾತು, ಬೆಳ್ತಿಗೆ ಅಕ್ಕಿಯಲ್ಲಿ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯಲ್ಲಿ, ಮಾಡಬೇಡ. ಅದು ಬೇಗ ಕರಗಿ ಅಂಟಂಟಾಗುತ್ತದೆ. ಕುಚ್ಚಲಕ್ಕಿಗೆ ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವುದರಿಂದ ತೌಡಿನ ಸತ್ವ ಕಾಳಿನೊಳಗೆ ಇಳಿಯುತ್ತದೆ. ಬೇಯಲು ಜಾಸ್ತಿ ಹೊತ್ತು ಬೇಕು, ಗ್ಯಾಸ್ ಖರ್ಚೂ ಇದೆ. ಆದರೂ ಕಾಳು ಉಬ್ಬಿ, ಬಾಯಿಗೆ ಸಿಗುವ ಹಾಗೆ ಉಳಿಯುತ್ತದೆ. ತೆಳಿ ಬಸಿಯದೆ ಬಡಿಸು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಗಂಜಿಯ ಜೊತೆ ಒಣ ಸಿಗಡಿ ಚಟ್ನಿ ಕೇಳುವವರು ಬಂದೇ ಬರುತ್ತಾರೆ. ಈಗಲೇ ತೆಗೆದಿಡು, ಆಮೇಲೆ ರೇಟು ಏರುತ್ತದೆ.

ಅಪ್ಪ ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ