ಏಳು ದಿನ ಫ್ರೀ, ಎಂಟನೇ ದಿನ?

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯ ಅಮೆರಿಕದಲ್ಲಿ ಕೂತು ಬರೆದದ್ದಲ್ಲ, ಕಲಬುರಗಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿ ಬರೆದದ್ದು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕೂಲರ್ ಸದ್ದು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಕೂತಾಗ ಕಾಕಾ ಕೇಳಿದರು, "ತಮ್ಮಾ, ಅಲ್ಲಿ ಮ್ಯಾಚ್ ನೋಡ್ಲಾಕ ಎಷ್ಟು ರೊಕ್ಕ ಕೊಡ್ತಿ?"

ಹೇಳಲು ನಾಚಿಕೆಯಾಯಿತು. ಹಿಂದೊಮ್ಮೆ ಒಂದೇ ಒಂದು ಕ್ರಿಕೆಟ್ ಸರಣಿ ನೋಡೋಣ ಅಂತ ಒಂದು ಆ್ಯಪಿನ ಏಳು ದಿನದ ಫ್ರೀ ಟ್ರಯಲ್ ತಗೊಂಡಿದ್ದೆ. ಸರಣಿ ಮುಗಿದ ಮೇಲೆ ಫೋನಿನಿಂದ ಆ್ಯಪ್ ತೆಗೆದುಹಾಕಿ ಸುಮ್ನೆ ಇದ್ದೆ. ಆ್ಯಪ್ ತೆಗೆದರೆ ಚಂದಾ ನಿಲ್ಲೋದಿಲ್ಲ ಅನ್ನೋದು ಗೊತ್ತಾಗಿದ್ದು ಹನ್ನೊಂದು ತಿಂಗಳ ನಂತರ, ಕಾರ್ಡಿನ ಬಿಲ್ ಅನ್ನು ಮೊದಲ ಸಲ ಪೂರ್ತಿ ಓದಿದಾಗ. ಯಾವ ಕಂಪನಿ ಅಂತ ಬೇಡ ಬಿಡಿ, ತಪ್ಪು ಅರ್ಧ ನನ್ನದೇ.

ಕಾಕಾ ನಕ್ಕು ಗೋಡೆ ತೋರಿಸಿದರು. ಅಲ್ಲಿ ಒಂದು ಕ್ಯಾಲೆಂಡರ್. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಅದರ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ "ರೀಚಾರ್ಜ್ ಖಲಾಸ್". 2023, 2024ರಲ್ಲಿ ಜಿಯೋಸಿನಿಮಾದಲ್ಲಿ ಐಪಿಎಲ್ ಫ್ರೀ ಇತ್ತು, ಆಗ ಈ ಬರಹದ ಅಗತ್ಯ ಇರಲಿಲ್ಲ. ಆದರೆ ಟಿವಿ, ಮೊಬೈಲು ಎಲ್ಲಾ ಸೇರಿ ಐದು ವರ್ಷದ ಐಪಿಎಲ್ ಪ್ರಸಾರದ ಹಕ್ಕು ಹೋಗಿದ್ದು 48,390 ಕೋಟಿ ರೂಪಾಯಿಗೆ. ಅಷ್ಟು ಸುರಿದವರು ಎಷ್ಟು ದಿನ ಪುಕ್ಕಟೆ ತೋರಿಸ್ತಾರೆ ಹೇಳಿ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಆ್ಯಪ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಮುಂದಿನ ತಿಂಗಳೇ ಜಿಯೋ ಫೋನ್ ನಂಬರಿಗೆ 299 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ರೀಚಾರ್ಜ್ ಮಾಡಿದರೆ 90 ದಿನ ಜಿಯೋಹಾಟ್‌ಸ್ಟಾರ್ ಜೊತೆಗೆ ಫ್ರೀ ಅಂತ ಆಫರ್ ಬಂತು. ಕಾಕಾ ಹೇಗೂ ರೀಚಾರ್ಜ್ ಮಾಡಿಸುವವರೇ. ಜೂನ್ 3ರಂದು ಆರ್‌ಸಿಬಿ 6 ರನ್ನಿನಿಂದ ಕಪ್ ಗೆದ್ದದ್ದನ್ನು ಅದರಲ್ಲೇ ನೋಡಿದರು.

ಅವರ ಪಾಸ್‌ವರ್ಡ್ ಇಸ್ಕೊಂಡು ನಮ್ಮ ಕಡೆ ನೋಡೋಣ ಅಂದರೆ ಆಗೋದಿಲ್ಲ. ಪ್ರಸಾರದ ಹಕ್ಕನ್ನು ಒಂದೊಂದು ದೇಶಕ್ಕೆ ಬೇರೆ ಬೇರೆ ಮಾರಿರ್ತಾರೆ, ಅಮೆರಿಕದಲ್ಲಿರುವ ನಮಗೆ ಐಪಿಎಲ್ ಅಂದರೆ ವಿಲ್ಲೋ ಅನ್ನೋ ಕ್ರಿಕೆಟ್ ಚಾನೆಲ್. ಆದರೆ ಕಾಕಾನ ಲೆಕ್ಕಾಚಾರ ನಮಗೂ ನಡೆಯುತ್ತೆ: ಈಗಾಗಲೇ ದುಡ್ಡು ಕೊಡುತ್ತಿರುವ ಫೋನು, ಇಂಟರ್ನೆಟ್ಟು, ಕಾರ್ಡುಗಳ ಜೊತೆ ಏನು ಬರುತ್ತೆ ಅಂತ ಮೊದಲು ನೋಡಿ. ಟಿ-ಮೊಬೈಲ್ ಕಂಪನಿಯ ಫೋನ್ ಇರುವವರಿಗೆ ಬೇಸ್‌ಬಾಲ್ ತೋರಿಸುವ ಎಂಎಲ್‌ಬಿ ಟಿವಿ ವರ್ಷಗಳಿಂದ ಫ್ರೀ ಸಿಗುತ್ತಿದೆ, ಮಕ್ಕಳಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡು ಪ್ರತ್ಯೇಕ ದುಡ್ಡು ಕಟ್ಟುತ್ತಿರುವ ಮನೆಗಳು ನಮ್ಮ ಸಂಘದಲ್ಲೇ ಇರಬಹುದು. ಇನ್ನು, ವರ್ಷದ ಪ್ಲಾನ್ ಅಗ್ಗ ಅಂತ ಕಾಣುತ್ತೆ, ಆದರೆ ಐಪಿಎಲ್ ಇರೋದೇ ಎರಡು ತಿಂಗಳು. ಸಂಜೆ ಏಳೂವರೆ ಮ್ಯಾಚ್ ಅಂದರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು, ಮೀಟಿಂಗ್ ಹೊತ್ತು. ನಿಜವಾಗಿ ಎಷ್ಟು ನೋಡ್ತೀರಿ?

ಕ್ಯಾನ್ಸಲ್ ಮಾಡುವುದಕ್ಕೂ ಒಂದು ಹದ ಇದೆ. ಬಹಳಷ್ಟು ಕಡೆ ಟ್ರಯಲ್ ತಗೊಂಡ ದಿನವೇ ಕ್ಯಾನ್ಸಲ್ ಒತ್ತಿದರೂ ಕೊನೇ ದಿನದವರೆಗೆ ನೋಡಬಹುದು. ಆಪಲ್ ಟಿವಿಯಲ್ಲಿ ಹಾಗಲ್ಲ, ಒತ್ತಿದ ಕೂಡಲೇ ಬಂದ್. ಆದ್ದರಿಂದ ಅಲ್ಲಿ ಮುಗಿಯುವ ಮುನ್ನ ಒಂದು ದಿನ ಬಿಟ್ಟುಕೊಂಡು ಮಾಡಬೇಕು. ಹಣ ಕೊಟ್ಟು ನೋಡುತ್ತಿದ್ದರೆ ಕ್ಯಾನ್ಸಲ್ ಪುಟ ಪೂರ್ತಿ ಓದಿ. ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನೋ ಬಜಾರಿನಲ್ಲಿ ಬೇಡ ಅಂತ ನಾಲ್ಕು ಹೆಜ್ಜೆ ಹೋದ ಮೇಲೆ "ಬರ್ರೀ ಅಕ್ಕಾರ, ಎಷ್ಟಕ್ಕ ಕೊಡ್ಲಿ ಹೇಳ್ರಿ" ಅಂತಾರಲ್ಲ, ಹಾಗೇ "ಎರಡು ತಿಂಗಳು ಅರ್ಧ ರೇಟು" ಅಂತ ಅಲ್ಲೂ ಕರೀತಾರೆ. ವಾಟ್ಸಾಪ್‌ನಲ್ಲಿ ಬರುವ "ಫ್ರೀ ಐಪಿಎಲ್" ಲಿಂಕ್ ಮಾತ್ರ ಯಾರ ಮನೆಯವರು ಕಳಿಸಿದರೂ ಮುಟ್ಟಬೇಡಿ.

ಒಂದು ವಿಷಯದಲ್ಲಿ ಕಾಕಾ ನನಗಿಂತ ಪುಣ್ಯವಂತರು. ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಕಾರ್ಡಿನಿಂದ ತಾನಾಗೇ ಹಣ ಕಡಿತ ಆಗುವ 24 ಗಂಟೆ ಮೊದಲೇ ಮೆಸೇಜ್ ಬರಬೇಕು, ಬೇಡ ಅನ್ನಲು ದಾರಿಯೂ ಇರಬೇಕು. ಅಮೆರಿಕದಲ್ಲಿ ಸೇರಿದಷ್ಟೇ ಸುಲಭವಾಗಿ ಬಿಡಲೂ ಬರಬೇಕು ಅಂತ ಒಂದು ನಿಯಮ ತಂದಿದ್ದರು, ಅದು ಪೂರ್ತಿ ಜಾರಿಯಾಗಲು ಕೆಲವೇ ದಿನ ಇರುವಾಗ, 2025ರ ಜುಲೈನಲ್ಲಿ, ಕೋರ್ಟು ರದ್ದು ಮಾಡಿತು.

ಬರುವ ಮುನ್ನ ಮಗಳ ಫುಟ್‌ಬಾಲ್‌ಗೆ ಅಂತ ಇನ್ನೊಂದು ಟ್ರಯಲ್ ತಗೊಂಡಿದ್ದೆ, ಒಂದು ತಿಂಗಳದ್ದು. ಬಾಯ್ತಪ್ಪಿ ಹೇಳಿಬಿಟ್ಟೆ. ಕಾಕಾ ಎದ್ದು, ಕನ್ನಡಕ ಏರಿಸಿ, ಕ್ಯಾಲೆಂಡರಿನ ಮುಂದಿನ ಹಾಳೆ ಮಗುಚಿ "ತಮ್ಮನ ಟಿವಿ ಬಂದ್" ಅಂತ ಕೆಂಪಿನಲ್ಲಿ ಬರೆದರು. "ಅವತ್ತ ನಾನೇ ಫೋನ್ ಹಚ್ತೀನಿ. ಮಲಗಿದ್ರೂ ಎತ್ತು."