ಆ ದಿನ ಫೋನ್ ಎತ್ತಿದ ಮೇಡಂಗೆ

ನಿಮ್ಮ ಹೆಸರು ಬರೆಯುತ್ತಿಲ್ಲ ಮೇಡಂ, ನಿಮಗೆ ಇಷ್ಟವಾಗುವುದಿಲ್ಲ ಅಂತ ಗೊತ್ತು. ಆದರೂ ಎಲ್ಲರೆದುರು ಹೇಳಬೇಕು ಅನ್ನಿಸಿತು.

ಶಾಲೆಯ ಕೌನ್ಸೆಲರ್ ಆಗಿ ಅದು ನನ್ನ ಮೊದಲ ವರ್ಷ. ಒಂದು ಮಗು "ಯಾರಿಗೂ ಹೇಳಬೇಡಿ" ಅಂತ ಶುರುಮಾಡಿ, ತನಗೆ ಬದುಕುವುದೇ ಬೇಡ ಅಂದಿತು. ಹೇಳುವುದಿಲ್ಲ ಅಂತ ಮೊದಲೇ ಮಾತು ಕೊಟ್ಟುಬಿಟ್ಟಿದ್ದೆ. ನನಗೆ ಕೈಕಾಲೇ ಆಡಲಿಲ್ಲ. ಶಾಲೆಯಲ್ಲಿ ಈ ಕೆಲಸಕ್ಕೆ ನಾನೊಬ್ಬಳೇ. ತರಬೇತಿಯಲ್ಲಿ ಒಮ್ಮೆ ಕಂಡಿದ್ದ, ನನ್ನ ಹಾಗೆಯೇ ಕೌನ್ಸೆಲರ್ ಆಗಿರುವ ನಿಮಗೆ ಫೋನ್ ಮಾಡಿದೆ.

ಮಗುವಿನ ಹೆಸರನ್ನು ನೀವು ಕೇಳಲೇ ಇಲ್ಲ. "ಈಗ ಅದರ ಜೊತೆ ಯಾರಿದ್ದಾರೆ?" ಅಂತ ಕೇಳಿದಿರಿ. ಟೀಚರ್ ಇದ್ದಾರೆ ಅಂದ ಮೇಲೆಯೇ ಮುಂದಿನ ಮಾತು. ಜೀವಕ್ಕೆ ಅಪಾಯ ಇದ್ದಾಗ ಗುಟ್ಟು ಕಾಯುವಂತಿಲ್ಲ, ಅದನ್ನು ಮಗುವಿಗೇ ಮೊದಲು ತಿಳಿಸಿ, ಆಮೇಲೆ ಮನೆಯವರನ್ನು ಕರೆಸಿ ಅಂದಿರಿ. ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಲು ಹೆದರಿದ್ದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಧೈರ್ಯ ತುಂಬಿದಿರಿ.

ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಸಾಕು ಅನ್ನುತ್ತದೆ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ. ನಿಮ್ಮ ಪಾಲಿಗೆ ಅದಕ್ಕಿಂತ ಎಷ್ಟೋ ಜಾಸ್ತಿ, ಅಲ್ವಾ? ಆದರೂ ಮಾರನೇ ದಿನ ನೀವೇ ಫೋನ್ ಮಾಡಿದಿರಿ. ಮಗುವಿನ ವಿಚಾರ ಆದಮೇಲೆ, "ನೀವು ನಿದ್ದೆ ಮಾಡಿದಿರಾ?" ಅಂದಿರಿ. ನಾನು ಅತ್ತುಬಿಟ್ಟೆ.

ಮಗು ಚಿಕಿತ್ಸೆ ಪಡೆಯುತ್ತಿದೆ, ಶಾಲೆಗೂ ಬರುತ್ತಿದೆ. ತುಂಬಾ ಥ್ಯಾಂಕ್ಸ್ ಮೇಡಂ.